ನಡು ಅಂಗಣದ ಆಟಗಾರ ಯಾಯಾ ತೂರೆ

ಕಳೆದ ಡಿಸೆಂಬರಿನ ಒಂದು ಸಂಜೆ ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಗೆ ವಿದ್ಯಾರ್ಥಿಯೊಬ್ಬನ ತಂದೆ ಬಂದರು. ಅಡಿಕೆ ಕೊಯ್ಲಿನ ದಿನಗಳು. ತೋಟದಿಂದ ನೇರವಾಗಿ ಬಂದವರೆಂದು ಅವರ ಅಂಗಿಯ ಕಲೆಗಳೇ ಹೇಳುತ್ತಿದ್ದವು. ಕುಳಿತುಕೊಳ್ಳಿರೆಂದರೂ ಅವರು ಕುಳಿತುಕೊಳ್ಳಲಿಲ್ಲ.

"ಮಾಷ್ಟ್ರೇ, ನೀವಾದರೂ ಅವನಿಗೆ ನಾಲ್ಕು ಬುದ್ಧಿಮಾತು ಹೇಳಬೇಕು. ಹತ್ತನೆಯ ತರಗತಿ. ಮಾರ್ಚಿನಲ್ಲಿ ಪರೀಕ್ಷೆ. ಇವನು ಕತ್ತಲಾಗುವ ತನಕ ಬೈಲಿನಲ್ಲಿ ಚೆಂಡು ಒದೆಯುತ್ತಾನೆ. ಹೋಗಲಿ, ಒಂದು ಗೋಲು ಹೊಡೆದ ಸುದ್ದಿಯಾದರೂ ಉಂಟಾ ಎಂದರೆ, ಅದೂ ಇಲ್ಲ" ಎಂದರು.

ಹುಡುಗ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ನಾವು ಕೇಳಿದ ಮೇಲೆ ಮೆಲ್ಲನೆ, "ಸಾರ್, ನಾನು ನಡುವೆ ಆಡುವುದು. ನಡುವೆ ಆಡುವವನಿಗೆ ಗೋಲು ಸಿಗುವುದಿಲ್ಲ. ನನ್ನನ್ನು ಮುಂದಕ್ಕೆ ಹಾಕಲು ಹೇಳುತ್ತೀರಾ?" ಎಂದ.

ತಂದೆಯದೊಂದು ದೂರು, ಮಗನದೊಂದು ದೂರು. ಆ ಸಂಜೆ ಇಬ್ಬರಿಗೂ ಸಮಾಧಾನವಾಗುವ ಉತ್ತರ ನಮಗೆ ಹೊಳೆಯಲಿಲ್ಲ. ನಾವು ವ್ಯಾಕರಣ ಕಲಿಸುವವರು. ಕಾಲ್ಚೆಂಡಾಟವನ್ನು ಗೆರೆಯ ಹೊರಗೆ ನಿಂತು ನೋಡಿದವರೇ ಹೊರತು ಆಡಿದವರಲ್ಲ. ಅನಂತರ ಕ್ರಿಸ್ಮಸ್ ರಜೆಯಲ್ಲಿ ನಡು ಅಂಗಣದಲ್ಲಿ ಆಡಿ ಹೆಸರು ಪಡೆದ ಒಬ್ಬರ ಜೀವನವನ್ನು ವಿವರವಾಗಿ ಓದಿದೆವು. ಅದನ್ನೇ ಈ ವರ್ಷದ ಸಂಚಿಕೆಗೆ ಪಾಠವಾಗಿ ಬರೆಯುತ್ತಿದ್ದೇವೆ. ಮಕ್ಕಳು ಓದಿ, ಮನೆಯಲ್ಲಿ ಹೆತ್ತವರಿಗೂ ಓದಿ ಹೇಳಬೇಕು.

ಆಫ್ರಿಕದ ಆಟಗಾರರು ನಮಗೆ ಅಪರಿಚಿತರಲ್ಲ. ಕಾಸರಗೋಡಿನಿಂದ ತೆಂಕಕ್ಕೆ ತೃಕ್ಕರಿಪುರ, ಅಲ್ಲಿಂದ ಮಲಪ್ಪುರದವರೆಗೆ, ಮಳೆಗಾಲ ಮುಗಿದ ಮೇಲೆ ನಡೆಯುವ ಏಳು ಜನರ ಫುಟ್‌ಬಾಲ್ ಪಂದ್ಯಗಳಲ್ಲಿ ನೈಜೀರಿಯ, ಘಾನ, ಲೈಬೀರಿಯ, ಐವರಿ ಕೋಸ್ಟ್ ದೇಶಗಳ ಯುವಕರು ಆಡುವುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅವರು ಯಾವ ದೇಶದವರಾದರೂ ಮಲಬಾರಿನ ಜನರ ಬಾಯಲ್ಲಿ ಎಲ್ಲರೂ 'ಸುಡಾನಿ'ಗಳೇ. 2018ರಲ್ಲಿ ಈ ಹೆಸರನ್ನೇ ಇಟ್ಟು ಒಂದು ಮಲಯಾಳ ಚಲನಚಿತ್ರವೂ ಬಂತು. ಹೊಟ್ಟೆಪಾಡಿಗಾಗಿ ಸಮುದ್ರ ದಾಟಿ ಬಂದವನ ದೇಶದ ಹೆಸರನ್ನೂ ಕೇಳದೆ ಚಪ್ಪಾಳೆ ತಟ್ಟುವುದು ನಮಗೆ ಅಷ್ಟು ಸರಿಯೆನಿಸುವುದಿಲ್ಲ. ಆದುದರಿಂದ ಮೊದಲು ದೇಶದ ವಿಚಾರವನ್ನೇ ತಿಳಿಯೋಣ.

ಆಫ್ರಿಕದ ಪಶ್ಚಿಮ ಕರಾವಳಿಯಲ್ಲಿ, ಘಾನಕ್ಕೆ ತಾಗಿ ಪಡುವಣ ದಿಕ್ಕಿನಲ್ಲಿರುವ ದೇಶ ಐವರಿ ಕೋಸ್ಟ್, ಅಂದರೆ ಆನೆದಂತದ ಕರಾವಳಿ. 1960ರಲ್ಲಿ ಫ್ರೆಂಚರಿಂದ ಸ್ವತಂತ್ರವಾಯಿತು. ಆಡಳಿತದ ಭಾಷೆ ಫ್ರೆಂಚ್. ಮನೆಗಳಲ್ಲಿ ಆಡುವ ನುಡಿಗಳು ಅರುವತ್ತಕ್ಕೂ ಹೆಚ್ಚು. ಮನೆಯಲ್ಲಿ ಒಂದು, ಪೇಟೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಎಂಬ ನಮ್ಮ ಗಡಿನಾಡಿನ ಸ್ಥಿತಿಯೇ ಅಲ್ಲಿಯೂ ಇದೆ. ಭಾಷೆ ಕಲಿಸುವವರಾದ ನಮಗೆ ಮೆಚ್ಚಿಗೆಯಾದ ಸಂಗತಿಯೊಂದಿದೆ. 1980ರ ದಶಕದಲ್ಲಿ ಆ ದೇಶದ ಸರಕಾರವು, ನಮ್ಮ ಹೆಸರನ್ನು ಯಾರೂ ಅವರವರ ಭಾಷೆಗೆ ಅನುವಾದಿಸಬಾರದು, ಎಲ್ಲರೂ 'ಕೋತ್ ದಿವ್ವಾರ್' ಎಂದೇ ಕರೆಯಬೇಕು ಎಂದು ಲೋಕಕ್ಕೆ ತಿಳಿಸಿತು. ಆದರೂ ನಮ್ಮ ಕಡೆ ರೂಢಿಯಲ್ಲಿರುವುದು ಐವರಿ ಕೋಸ್ಟ್ ಎಂಬ ಹೆಸರೇ ಆದ್ದರಿಂದ ಇಲ್ಲಿ ಅದನ್ನೇ ಬಳಸಿದ್ದೇವೆ. ಲೋಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕೊಕ್ಕೊ ಬೆಳೆಯುವ ದೇಶ ಅದು. ನಮ್ಮ ಅಡಿಕೆ ತೋಟಗಳ ನೆರಳಿನಲ್ಲಿ ನಿಂತಿರುವ ಕೊಕ್ಕೊ ಗಿಡ ಅಲ್ಲಿ ಇಡೀ ನಾಡಿನ ಜೀವನಾಧಾರ. ಮಂಗಳೂರಿನ ಗೇರುಬೀಜದ ಕಾರ್ಖಾನೆಗಳಿಗೆ ಹಡಗಿನಲ್ಲಿ ಬರುವ ಹಸಿಬೀಜದಲ್ಲಿಯೂ ಆ ದೇಶದ್ದು ಬಹಳವಿದೆ.

ಇಂತಹ ದೇಶದ ನಡುಭಾಗದಲ್ಲಿರುವ ಬುವಾಕೆ ಎಂಬ ನಗರದಲ್ಲಿ 1983ರ ಮೇ 13ರಂದು ಯಾಯಾ ತೂರೆ ಹುಟ್ಟಿದರು. ತಂದೆ ಸೈನ್ಯದಲ್ಲಿದ್ದವರು. ಮನೆ ತುಂಬ ಮಕ್ಕಳು. ಅಣ್ಣ ಕೋಲೊ, ತಮ್ಮ ಇಬ್ರಾಹಿಂ, ಇಬ್ಬರೂ ಮುಂದೆ ಆಟಗಾರರೇ ಆದರು. ಹತ್ತು ವರ್ಷ ತುಂಬುವವರೆಗೆ ತಮಗೆ ಬೂಟುಗಳೇ ಇರಲಿಲ್ಲವೆಂದು ಯಾಯಾ ಅವರೇ ಹೇಳಿಕೊಂಡಿದ್ದಾರೆ. ಕೊಯ್ದ ಗದ್ದೆಯ ಕೂಳೆಯ ಮೇಲೆ ಬರಿಗಾಲಲ್ಲಿ ಆಡುವ ನಮ್ಮ ಹುಡುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ದೇಶದ ದೊಡ್ಡ ನಗರ ಅಬಿಜಾನ್. ಅಲ್ಲಿ ಅಸೆಕ್ ಮಿಮೊಸಾಸ್ ಎಂಬ ಹಳೆಯ ಕ್ಲಬ್ಬು ಇದೆ. 1990ರ ದಶಕದಲ್ಲಿ ಜಾನ್ ಮಾರ್ಕ್ ಗಿಯೂ ಎಂಬ ಫ್ರೆಂಚ್ ಆಟಗಾರರು ಆ ಕ್ಲಬ್ಬಿನ ಆಶ್ರಯದಲ್ಲಿ ಬಾಲಕರಿಗಾಗಿ ಒಂದು ತರಬೇತಿ ಶಾಲೆಯನ್ನು ಆರಂಭಿಸಿದರು. ಹೆತ್ತವರು ಈ ಭಾಗವನ್ನು ಗಮನವಿಟ್ಟು ಓದಬೇಕೆಂದು ನಮ್ಮ ವಿನಂತಿ. ಆ ಶಾಲೆಯಲ್ಲಿ ಹುಡುಗರು ಅಲ್ಲಿಯೇ ತಂಗಿ ಆಟವನ್ನೂ ಪಾಠವನ್ನೂ ಒಟ್ಟಿಗೆ ಕಲಿಯುತ್ತಿದ್ದರು. ಚೆಂಡಿನ ಜೊತೆಗೆ ಪುಸ್ತಕವೂ ಇತ್ತು. ಇನ್ನೊಂದು ವಿಶೇಷವೆಂದರೆ ಅಲ್ಲಿ ಎಳೆಯ ಮಕ್ಕಳು ಬರಿಗಾಲಲ್ಲಿಯೇ ಆಡಬೇಕು. ಚೆಂಡು ಅಂಗಾಲಿಗೆ ಹೇಗೆ ತಾಗುತ್ತದೆ, ಯಾವ ಬದಿಯಿಂದ ಮುಟ್ಟಿದರೆ ಎತ್ತ ಹೊರಳುತ್ತದೆ ಎಂಬುದು ಚರ್ಮಕ್ಕೇ ತಿಳಿಯಬೇಕು ಎಂಬುದು ಗುರುಗಳ ಮತ. ಬೂಟು ಕಾಲಿಗೆ ಬರುವುದು ಆ ವಿದ್ಯೆ ಒಲಿದ ಮೇಲೆ. ಬೂಟಿಲ್ಲದ ಬಡತನವನ್ನೇ ಪಾಠಕ್ರಮವನ್ನಾಗಿ ಮಾಡಿಕೊಂಡ ಆ ಗುರುವಿನ ಜಾಣ್ಮೆಗೆ ತಲೆದೂಗಬೇಕು. 1999ರಲ್ಲಿ ಆಫ್ರಿಕದ ಸೂಪರ್ ಕಪ್ ಪಂದ್ಯಕ್ಕೆ ಅಸೆಕ್ ಈ ಶಾಲೆಯ ಹದಿಹರೆಯದ ಹುಡುಗರನ್ನೇ ಇಳಿಸಿತು. ಟ್ಯುನೀಷಿಯದ ಬಲಾಢ್ಯ ತಂಡವಾದ ಎಸ್ಪೆರಾನ್ಸನ್ನು ಹುಡುಗರು 3-1ರಿಂದ ಸೋಲಿಸಿಬಿಟ್ಟರು. ಅಣ್ಣ ಕೋಲೊ ಬೆಳೆದದ್ದು ಆ ಗುಂಪಿನಲ್ಲಿ. ಯಾಯಾ ಬಂದದ್ದು ಅದರ ಬೆನ್ನಿಗೆ.

ಈಗ ನಡು ಅಂಗಣದ ಆಟಗಾರನ ಕೆಲಸವೇನೆಂದು ನೋಡೋಣ. ಹನ್ನೊಂದು ಜನರ ತಂಡದಲ್ಲಿ ಗೋಲಿ ಒಬ್ಬ. ಅವನ ಮುಂದೆ ರಕ್ಷಣೆಯವರು. ಎಲ್ಲರಿಗಿಂತ ಮುಂದೆ ಗೋಲು ಹೊಡೆಯುವವರು. ಇವರ ನಡುವಿನ ಬಯಲು ಯಾರದು? ಅದೇ ನಡು ಅಂಗಣ. ಅಲ್ಲಿರುವವನು ಎದುರಾಳಿಯ ಕಾಲಿನಿಂದ ಚೆಂಡನ್ನು ಬಿಡಿಸಿಕೊಳ್ಳಬೇಕು. ಬಿಡಿಸಿಕೊಂಡದ್ದನ್ನು ಸರಿಯಾದ ಹೊತ್ತಿನಲ್ಲಿ ಸರಿಯಾದ ಕಾಲಿಗೆ ಮುಟ್ಟಿಸಬೇಕು. ಮುಂದಿನವರು ಚೆಂಡು ಕಳೆದುಕೊಂಡರೆ ಓಡಿಬಂದು ಹಿಂದಿನವರಿಗೆ ನೆರವಾಗಬೇಕು. ಒಂದು ಪಂದ್ಯದ ತೊಂಬತ್ತು ನಿಮಿಷಗಳಲ್ಲಿ ಇಂತಹ ಆಟಗಾರ ಹತ್ತು, ಹನ್ನೆರಡು ಕಿಲೋಮೀಟರ್ ಓಡುತ್ತಾನೆ. ನಮ್ಮ ಯಕ್ಷಗಾನವನ್ನೇ ನೆನೆಯಿರಿ. ವೇಷ ರಂಗಕ್ಕೆ ನುಗ್ಗಿ ದಿಗಿಣ ಹಾಕಿದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಆದರೆ ಆಟವನ್ನು ಎತ್ತಿಕೊಂಡು ಹೋಗುವವರು ಜಾಗಟೆ ಹಿಡಿದು ಕುಳಿತ ಭಾಗವತರು. ಪದ ಎಲ್ಲಿ ನಿಲ್ಲಬೇಕು, ಯಾವ ವೇಷಕ್ಕೆ ಎಷ್ಟು ಅವಕಾಶ ಕೊಡಬೇಕು ಎಂಬುದೆಲ್ಲ ಅವರ ಕೈಯಲ್ಲಿ. ನಡು ಅಂಗಣದವನೂ ಹಾಗೆಯೇ. ವ್ಯತ್ಯಾಸವೊಂದೇ: ಭಾಗವತರು ಕುಳಿತಿರುತ್ತಾರೆ, ಇವನಿಗೆ ಕುಳಿತುಕೊಳ್ಳುವ ಯೋಗವಿಲ್ಲ.

2001ರಲ್ಲಿ ಯಾಯಾ ಬೆಲ್ಜಿಯಂ ದೇಶದ ಬೇವರನ್ ಎಂಬ ಸಣ್ಣ ಊರಿನ ಕ್ಲಬ್ಬಿಗೆ ಹೋದರು. ಗಿಯೂ ಅವರು ಅಬಿಜಾನಿನ ತಮ್ಮ ಶಿಷ್ಯರನ್ನು ಒಬ್ಬೊಬ್ಬರಾಗಿ ಅಲ್ಲಿಗೆ ಕರೆತರುತ್ತಿದ್ದರು. ಇತ್ತ ಅಣ್ಣ ಕೋಲೊ 2002ರಲ್ಲಿ ಇಂಗ್ಲೆಂಡಿನ ಹೆಸರಾಂತ ಆರ್ಸೆನಲ್ ಕ್ಲಬ್ಬನ್ನು ಸೇರಿದರು. ಮರುವರ್ಷ ತಮ್ಮನಿಗೂ ಅಲ್ಲಿಂದ ಪರೀಕ್ಷೆಗೆ ಕರೆ ಬಂತು. ಬಾರ್ನೆಟ್ ಎಂಬ ಚಿಕ್ಕ ತಂಡದ ಎದುರು ಒಂದು ಸ್ನೇಹಪಂದ್ಯ. ಯಾಯಾ ಅವರನ್ನು ನಿಲ್ಲಿಸಿದ್ದು ನಡು ಅಂಗಣದಲ್ಲಲ್ಲ, ಮುಂದಿನ ಸಾಲಿನಲ್ಲಿ. ಆಟ ಕುದುರಲಿಲ್ಲ. ಆ ದಿನ ಅವರು ತೀರ ಸಾಧಾರಣವಾಗಿ ಆಡಿದರೆಂದು ಆರ್ಸೆನಲ್ಲಿನ ತರಬೇತುದಾರ ಆರ್ಸೆನ್ ವೆಂಗರ್ ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ ಆಡಲು ಬೇಕಾದ ಪರವಾನಗಿಯೂ ಕೈಗೂಡಲಿಲ್ಲ. ಕಾಯುವ ತಾಳ್ಮೆ ಯಾಯಾ ಅವರಿಗೂ ಇರಲಿಲ್ಲ. ಅವರು ಉಕ್ರೇನಿನ ದೊನೆತ್ಸ್ಕ್ ನಗರಕ್ಕೆ ಹೊರಟುಹೋದರು.

ಆ ವರ್ಷವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. 2003-04ರ ಆ ಋತುವಿನಲ್ಲಿ ಆರ್ಸೆನಲ್ ಲೀಗಿನ 38 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಚಾಂಪಿಯನ್ ಆಯಿತು. ಅದರ ರಕ್ಷಣೆಯ ನಡುಗಂಬವಾಗಿ ನಿಂತವರು ಅಣ್ಣ ಕೋಲೊ. ತಮ್ಮ ಇಪ್ಪತ್ತರ ಪ್ರಾಯದಲ್ಲಿ, ಹಿಮ ಬೀಳುವ ದೂರದ ಊರಿನಲ್ಲಿ, ತಿಳಿಯದ ಭಾಷೆಯ ನಡುವೆ. ನಮ್ಮ ಮನೆಗಳಲ್ಲಿ ಅಣ್ಣನ ಅಂಕಪಟ್ಟಿಯನ್ನು ತೋರಿಸಿ ತಮ್ಮನನ್ನು ಮೂದಲಿಸುವುದುಂಟು. ಅಂತಹ ಮನೆಗಳ ಹಿರಿಯರು ಈ ಎರಡು ವರ್ಷಗಳನ್ನು ನೆನಪಿನಲ್ಲಿಟ್ಟರೆ ಒಳ್ಳೆಯದು.

ದೊನೆತ್ಸ್ಕಿನಿಂದ 2005ರಲ್ಲಿ ಗ್ರೀಸಿನ ಒಲಿಂಪಿಯಾಕೊಸ್. ಅಲ್ಲಿ ಒಂದೇ ವರ್ಷದಲ್ಲಿ ಲೀಗ್, ಕಪ್ ಎರಡೂ ಬಂದವು. 2006ರಲ್ಲಿ ಮೊನಾಕೊ. 2007ರಲ್ಲಿ ಸ್ಪೇನಿನ ಬಾರ್ಸಿಲೋನಾ. ಆರು ವರ್ಷಗಳಲ್ಲಿ ಐದು ದೇಶಗಳ ನೀರು ಕುಡಿದಾಗಿತ್ತು.

ಬಾರ್ಸಿಲೋನಾದಲ್ಲಿ 2008ರಿಂದ ತರಬೇತುದಾರರಾದವರು ಪೆಪ್ ಗಾರ್ಡಿಯೋಲ. ಅವರಿಗೆ ಬುಸ್ಕೆಟ್ಸ್ ಎಂಬ ಹೊಸ ಹುಡುಗನ ಮೇಲೆ ಒಲವು. ಇಬ್ಬರದೂ ಒಂದೇ ಸ್ಥಾನ. ಮೆಲ್ಲಮೆಲ್ಲನೆ ಯಾಯಾ ಅವರ ಜಾಗ ಅಲುಗಾಡತೊಡಗಿತು. ಆದರೆ 2009ರ ಮೇ ತಿಂಗಳಲ್ಲಿ ನಡೆದುದನ್ನು ನೋಡಿ. 13ರಂದು, ಅವರ 26ನೆಯ ಹುಟ್ಟುಹಬ್ಬದಂದೇ, ಸ್ಪೇನಿನ ರಾಜಕಪ್ಪಿನ ಅಂತಿಮ ಪಂದ್ಯ. ಎದುರಾಳಿ ಅತ್ಲೆಟಿಕ್ ಬಿಲ್ಬಾವೊ ಮೊದಲು ಗೋಲು ಹೊಡೆದಿತ್ತು. ಯಾಯಾ ಹಿಂದಿನಿಂದ ಚೆಂಡನ್ನು ತೆಗೆದುಕೊಂಡು ಒಬ್ಬರೇ ಓಡಿಬಂದು, ದೂರದಿಂದಲೇ ಹೊಡೆದು ಸಮಮಾಡಿದರು. ಪಂದ್ಯ 4-1ಕ್ಕೆ ಬಾರ್ಸಿಲೋನಾದ ಪಾಲಾಯಿತು. ಎರಡು ವಾರಗಳ ಮೇಲೆ, 27ರಂದು, ರೋಮ್ ನಗರದಲ್ಲಿ ಯುರೋಪಿನ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯ. ಎದುರಿಗೆ ಮ್ಯಾಂಚೆಸ್ಟರ್ ಯುನೈಟೆಡ್. ಬಾರ್ಸಿಲೋನಾದ ರಕ್ಷಣೆಯವರಲ್ಲಿ ಕೆಲವರಿಗೆ ಗಾಯ, ಕೆಲವರಿಗೆ ನಿಷೇಧ. ಗಾರ್ಡಿಯೋಲ ಅವರು ಯಾಯಾ ಅವರನ್ನು ಹಿಂದಕ್ಕೆ ಕರೆದು ಗೋಲಿಯ ಮುಂದೆ ನಿಲ್ಲಿಸಿದರು. ತಮ್ಮದಲ್ಲದ ಸ್ಥಾನ, ಲೋಕವೇ ನೋಡುವ ಪಂದ್ಯ. ಯುನೈಟೆಡಿಗೆ ಒಂದು ಗೋಲನ್ನೂ ಬಿಡದೆ ಬಾರ್ಸಿಲೋನಾ 2-0ರಿಂದ ಗೆದ್ದಿತು. ಗೋಲು ಹೊಡೆದ ಎಟೊ, ಮೆಸ್ಸಿ ಇವರ ಹೆಸರುಗಳು ಎಲ್ಲರ ಬಾಯಲ್ಲಿವೆ. ಹಿಂದೆ ನಿಂತು ತಡೆದವರನ್ನು ನೆನೆಯುವವರು ಕಡಿಮೆ. ಮುಂದಕ್ಕೆ ಹಾಕಿ ಎಂದು ಕೇಳಿದ ನಮ್ಮ ಹುಡುಗನಿಗೆ ನಾವು ಮೊದಲು ಓದಿ ಹೇಳಿದ್ದು ಇದೇ ಪಂದ್ಯದ ಕತೆಯನ್ನು.

2010ರಲ್ಲಿ ಅವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿಯನ್ನು ಸೇರಿದರು. ಅಣ್ಣ ಕೋಲೊ ಒಂದು ವರ್ಷ ಮೊದಲೇ ಅಲ್ಲಿಗೆ ಬಂದಿದ್ದರು; ಬಾಲ್ಯದ ಬಳಿಕ ಅಣ್ಣತಮ್ಮಂದಿರಿಗೆ ಒಂದೇ ಕ್ಲಬ್ಬು ಆಯಿತು. ಬಾರ್ಸಿಲೋನಾದಲ್ಲಿ 24 ಆಗಿದ್ದ ಅಂಗಿಯ ಅಂಕೆ ಇಲ್ಲಿ ತಿರುಗಿ 42 ಆಯಿತು. ಸಿಟಿಯು ಆಗ ಬೇಕಾದಷ್ಟು ಹಣವಿದ್ದರೂ ಗೆಲುವಿನ ರುಚಿ ಮರೆತಿದ್ದ ಕ್ಲಬ್ಬು. ದೊಡ್ಡ ಕಪ್ಪೊಂದನ್ನು ಗೆದ್ದು 35 ವರ್ಷಗಳಾಗಿದ್ದವು. 2011ರ ಎಫ್.ಎ. ಕಪ್ಪಿನ ಉಪಾಂತ್ಯದಲ್ಲಿ ನೆರೆಯ ಯುನೈಟೆಡ್ ತಂಡದ ಎದುರು ಇದ್ದ ಒಂದೇ ಗೋಲು ಯಾಯಾ ಅವರದು. ಅಂತಿಮ ಪಂದ್ಯದಲ್ಲಿ ಸ್ಟೋಕ್ ತಂಡದ ಎದುರಿನ ಒಂದೇ ಗೋಲೂ ಅವರದೇ. ನಡುವೆ ಆಡುವವನಿಗೆ ಗೋಲು ಸಿಗುವುದಿಲ್ಲವೆಂಬ ಮಾತು ಅಷ್ಟು ಸರಿಯಲ್ಲವೆಂದು ಇದರಿಂದ ತಿಳಿಯುತ್ತದೆ.

2012ರ ಮೇ ತಿಂಗಳು ಇನ್ನೂ ಸ್ವಾರಸ್ಯದ್ದು. 6ರಂದು ನ್ಯೂಕಾಸಲ್ ಊರಿನಲ್ಲಿ ಗೆಲ್ಲಲೇಬೇಕಾದ ಲೀಗ್ ಪಂದ್ಯ, ಗೋಲೇ ಬರುತ್ತಿರಲಿಲ್ಲ. ಆಗ ತರಬೇತುದಾರ ಮಾನ್ಚಿನಿ ಅವರು ಮುಂದೆ ಆಡುವವರೊಬ್ಬರನ್ನು ಹೊರಗೆ ಕರೆದು, ಚೆಂಡು ಕಿತ್ತುಕೊಳ್ಳುವ ಕೆಲಸದ ಡಿ ಯೊಂಗ್ ಅವರನ್ನು ಒಳಗೆ ಬಿಟ್ಟರು. ನೋಡಿದವರು, ಇದೇನು, ಗೋಲು ಬೇಕಾದಾಗ ಕಾವಲುಗಾರನನ್ನು ಕರೆದರಲ್ಲ ಎಂದುಕೊಂಡಿರಬೇಕು. ಮರ್ಮ ಬೇರೆಯೇ ಇತ್ತು. ಹಿಂದಿನ ಹೊಣೆ ಡಿ ಯೊಂಗ್ ಅವರಿಗೆ ಹೋದುದರಿಂದ ಯಾಯಾ ಅವರಿಗೆ ಮುಂದೆ ನುಗ್ಗುವ ಸ್ವಾತಂತ್ರ್ಯ ಸಿಕ್ಕಿತು. ಅವರು ಎರಡು ಗೋಲು ಹೊಡೆದರು. ಮುಂದಿನ ವಾರ 13ರಂದು, ಮತ್ತೆ ಹುಟ್ಟುಹಬ್ಬದಂದು, ಲೀಗಿನ ಕೊನೆಯ ಪಂದ್ಯ. ಯಾಯಾ ಅವರ ತೊಡೆಯ ಸ್ನಾಯುವಿಗೆ ಪೆಟ್ಟಾಗಿತ್ತು. ಕುಂಟುತ್ತಲೇ ಜಬಲೇಟ ಅವರಿಗೆ ಚೆಂಡು ಕೊಟ್ಟು ಮೊದಲ ಗೋಲಿಗೆ ಕಾರಣರಾದರು. ಮಧ್ಯವಿರಾಮಕ್ಕೆ ಮೊದಲೇ ಹೊರಗೆ ಬರಬೇಕಾಯಿತು. ಸೋಲುತ್ತಿದ್ದ ಸಿಟಿ ಹೆಚ್ಚುವರಿ ನಿಮಿಷಗಳಲ್ಲಿ ಎರಡು ಗೋಲು ಹೊಡೆದು 3-2ರಿಂದ ಗೆದ್ದು, 1968ರ ಬಳಿಕ ಮೊದಲ ಬಾರಿಗೆ ಲೀಗ್ ಚಾಂಪಿಯನ್ ಆದಾಗ ಯಾಯಾ ಅಂಗಣದಲ್ಲಿ ಇರಲೇ ಇಲ್ಲ.

2013-14ರ ಋತುವಿನಲ್ಲಿ ಅವರು ಲೀಗೊಂದರಲ್ಲಿಯೇ 20 ಗೋಲು ಹೊಡೆದರು. ನಡು ಅಂಗಣದವರಿಗೆ ಇದು ಅಪರೂಪ. ಸಿಟಿ ಮತ್ತೆ ಚಾಂಪಿಯನ್ ಆಯಿತು. 2011ರಿಂದ 2014ರವರೆಗೆ ಒಂದರ ಮೇಲೊಂದರಂತೆ ನಾಲ್ಕು ವರ್ಷ ಆಫ್ರಿಕದ ವರ್ಷದ ಆಟಗಾರ ಎಂಬ ಗೌರವ ಅವರಿಗೆ ಬಂತು. ಹಾಗೆ ಸತತ ನಾಲ್ಕು ಸಲ ಪಡೆದವರು ಅವರೇ ಮೊದಲಿಗರು.

ಇಷ್ಟು ಹೇಳಿ ನಿಲ್ಲಿಸಿದರೆ ಕತೆ ಸಿಹಿಯಾಗಿಯೇ ಇರುತ್ತಿತ್ತು. ಆದರೆ ಅದೇ ವರ್ಷಗಳಲ್ಲಿ ನಡೆದ ಬೇರೆ ಸಂಗತಿಗಳನ್ನು ಬಿಡಲಾಗದು. 2013ರ ಅಕ್ಟೋಬರಿನಲ್ಲಿ ಮಾಸ್ಕೊ ನಗರದ ತಂಡವೊಂದರ ಎದುರಿನ ಪಂದ್ಯದಲ್ಲಿ ನೋಟಕರ ಒಂದು ಗುಂಪು ಅವರ ಮೈಬಣ್ಣವನ್ನು ಹೀಯಾಳಿಸಿ ಮಂಗನಂತೆ ಕೂಗಿತು. ಯಾಯಾ ಅಂಗಣದಲ್ಲಿಯೇ ತೀರ್ಪುಗಾರರಿಗೆ ದೂರು ಕೊಟ್ಟರು. ಪಂದ್ಯ ಮುಗಿದ ಮೇಲೆ ಬಹಿರಂಗವಾಗಿ ಮಾತನಾಡಿದರು. ಯುರೋಪಿನ ಫುಟ್‌ಬಾಲ್ ಸಂಸ್ಥೆಯು ಆ ಕ್ರೀಡಾಂಗಣದ ಒಂದು ಭಾಗವನ್ನು ಮುಂದಿನ ಪಂದ್ಯಕ್ಕೆ ಮುಚ್ಚಿಸಿತು. ನಮ್ಮ ಬೈಲಿನ ಪಂದ್ಯಗಳಲ್ಲಿ ಹೊರಗೆ ನಿಂತವರ ಬಾಯಲ್ಲಿ ಆಫ್ರಿಕದ ಹುಡುಗರ ಬಗ್ಗೆ ಬರುವ ಮಾತುಗಳೂ ಎಲ್ಲವೂ ಚೆನ್ನಾಗಿರುವುದಿಲ್ಲ. ನಾವೇ ಕಿವಿಯಾರೆ ಕೇಳಿ, ಸುಮ್ಮನೆ ನಿಂತದ್ದೂ ಉಂಟು.

2014ರ ಜೂನ್ ತಿಂಗಳಲ್ಲಿ ಬ್ರೆಜಿಲಿನಲ್ಲಿ ವಿಶ್ವಕಪ್. ತೂರೆ ಸೋದರರಿಬ್ಬರೂ ತಂಡದಲ್ಲಿದ್ದರು. 19ರಂದು ಕೊಲಂಬಿಯದ ಎದುರು ಸೋಲು. ಅದೇ ದಿನ ತಮ್ಮ ಇಬ್ರಾಹಿಂ ಮ್ಯಾಂಚೆಸ್ಟರಿನಲ್ಲಿ ಕ್ಯಾನ್ಸರ್ ರೋಗದಿಂದ ತೀರಿಕೊಂಡ ವಾರ್ತೆ ಬಂತು. ಅವರಿಗೆ ಆಗ 28 ವರ್ಷ. ಅಣ್ಣಂದಿರು ತಂಡವನ್ನು ಬಿಟ್ಟು ಹೋಗಲಿಲ್ಲ. ಐದು ದಿನಗಳ ಮೇಲೆ ಗ್ರೀಸಿನ ಎದುರಿನ ಪಂದ್ಯಕ್ಕೆ ಯಾಯಾ ಅಂಗಣಕ್ಕಿಳಿದರು. ಸಮವಾದರೂ ಸಾಕು, ಐವರಿ ಕೋಸ್ಟ್ ಮೊದಲ ಬಾರಿಗೆ ಮುಂದಿನ ಸುತ್ತಿಗೆ ಹೋಗುತ್ತಿತ್ತು. ತೊಂಬತ್ತು ನಿಮಿಷ ಕಳೆದ ಮೇಲೆ ಗ್ರೀಸಿಗೆ ಪೆನಾಲ್ಟಿ ಸಿಕ್ಕಿತು. 2-1ರಿಂದ ಸೋತು ಮನೆಗೆ ಮರಳಬೇಕಾಯಿತು.

ದೇಶದ ತಂಡದ ಕತೆ ಎಂದಾಗ ಇನ್ನೊಂದನ್ನು ಹೇಳಬೇಕು. 2002ರಲ್ಲಿ ಐವರಿ ಕೋಸ್ಟಿನಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಉತ್ತರ ದಕ್ಷಿಣವಾಗಿ ದೇಶ ಎರಡಾಯಿತು. ಯಾಯಾ ಹುಟ್ಟಿದ ಬುವಾಕೆ ಬಂಡುಕೋರರ ಕೇಂದ್ರವಾಯಿತು. 2005ರ ಅಕ್ಟೋಬರಿನಲ್ಲಿ ಸುಡಾನನ್ನು ಸೋಲಿಸಿ ತಂಡವು ಮೊದಲ ಬಾರಿಗೆ ವಿಶ್ವಕಪ್ಪಿಗೆ ಅರ್ಹತೆ ಪಡೆದಾಗ, ಉತ್ತರದವರೂ ದಕ್ಷಿಣದವರೂ ಇದ್ದ ಆ ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ ಟೆಲಿವಿಷನ್ ಕ್ಯಾಮೆರಾದ ಮುಂದೆ ಮೊಣಕಾಲೂರಿ, ಆಯುಧಗಳನ್ನು ಕೆಳಗಿಡಿ ಎಂದು ತಮ್ಮ ಜನರನ್ನು ಬೇಡಿಕೊಂಡರು. ಮಾತನಾಡಿದವರು ದಿದಿಯೆ ದ್ರೋಗ್ಬಾ. 2007ರ ಮಾರ್ಚಿನಲ್ಲಿ ಶಾಂತಿ ಒಪ್ಪಂದವಾಯಿತು. ಜೂನ್ 3ರಂದು ಮಡಗಾಸ್ಕರ್ ಎದುರಿನ ಪಂದ್ಯವನ್ನು ಬುವಾಕೆಯಲ್ಲಿಯೇ ಆಡಿಸಿ ಐವರಿ ಕೋಸ್ಟ್ 5-0ರಿಂದ ಗೆದ್ದಿತು. ಚೆಂಡಾಟದಿಂದ ಯುದ್ಧ ನಿಂತಿತು ಎಂದು ಕೆಲವರು ಬರೆಯುತ್ತಾರೆ. ನಾವು ಅಷ್ಟು ದೂರ ಹೋಗುವುದಿಲ್ಲ. 2010ರ ಕೊನೆಯಲ್ಲಿ ಚುನಾವಣೆಯ ಬಳಿಕ ಮತ್ತೆ ರಕ್ತ ಹರಿಯಿತು. ಆದರೂ ಕೆಲವು ದಿನಗಳ ಮಟ್ಟಿಗಾದರೂ ಎರಡು ಕಡೆಯವರು ಒಂದೇ ಗೋಲಿಗೆ ಕೂಗಿದರು ಎಂಬುದು ಸುಳ್ಳಲ್ಲ.

ಆ ದೇಶದ ತಂಡಕ್ಕೆ 'ಆನೆಗಳು' ಎಂದು ಹೆಸರು. ಆನೆಗಳಿಗೆ ಆಫ್ರಿಕ ರಾಷ್ಟ್ರಗಳ ಕಪ್ಪು 1992ರಲ್ಲೊಮ್ಮೆ ದಕ್ಕಿತ್ತು, ಬಳಿಕ ದಕ್ಕಿರಲಿಲ್ಲ. 2006ರ ಅಂತಿಮ ಪಂದ್ಯದಲ್ಲಿ ಪೆನಾಲ್ಟಿಗಳಲ್ಲಿ ಸೋಲು. 2012ರಲ್ಲಿ ಇಡೀ ಸ್ಪರ್ಧೆಯಲ್ಲಿ ಒಂದೇ ಒಂದು ಗೋಲನ್ನೂ ಬಿಟ್ಟುಕೊಡದೆ ಅಂತಿಮಕ್ಕೆ ಬಂದು, ಮತ್ತೆ ಪೆನಾಲ್ಟಿಗಳಲ್ಲಿ ಜಾಂಬಿಯಕ್ಕೆ ಸೋಲು. 2015ರ ಹೊತ್ತಿಗೆ ದ್ರೋಗ್ಬಾ ನಿವೃತ್ತರಾಗಿದ್ದರು. ನಾಯಕತ್ವ ಯಾಯಾ ಅವರ ಹೆಗಲಿಗೆ ಬಂದಿತ್ತು. ತರಬೇತುದಾರರೋ, 2012ರಲ್ಲಿ ಜಾಂಬಿಯವನ್ನು ಗೆಲ್ಲಿಸಿದ್ದ ಅದೇ ಎರ್ವೆ ರೆನಾರ್. ಫೆಬ್ರವರಿ 8ರಂದು ಇಕ್ವಟೋರಿಯಲ್ ಗಿನಿ ದೇಶದ ಬಾಟ ನಗರದಲ್ಲಿ ಘಾನದ ಎದುರು ಅಂತಿಮ ಪಂದ್ಯ. 120 ನಿಮಿಷವಾದರೂ ಗೋಲಿಲ್ಲ. ಮತ್ತೆ ಪೆನಾಲ್ಟಿ! ಐವರಿ ಕೋಸ್ಟಿನ ಮೊದಲ ಎರಡು ಹೊಡೆತಗಳೂ ತಪ್ಪಿದವು. ಹಳೆಯ ಹಣೆಬರಹವೇ ಮರುಕಳಿಸಿತು ಎನ್ನುವಾಗ ಘಾನದವರೂ ಎರಡು ತಪ್ಪಿಸಿದರು. ಆಮೇಲೆ ಯಾರೂ ತಪ್ಪಲಿಲ್ಲ. ಯಾಯಾ ಹೊಡೆದರು, ಕೋಲೊ ಹೊಡೆದರು. ಕೊನೆಗೆ ಹೊಡೆಯಲು ಉಳಿದವರು ಗೋಲಿಗಳಿಬ್ಬರೇ. ಐವರಿ ಕೋಸ್ಟಿನ ಗೋಲಿ ಬಾರಿ ಅವರು ಘಾನದ ಗೋಲಿಯ ಹೊಡೆತವನ್ನು ತಡೆದು, ತಾವೇ ಎದ್ದುಹೋಗಿ ಚೆಂಡನ್ನು ಬಲೆಗೆ ಹೊಡೆದರು. 9-8. ನಾಯಕ ಯಾಯಾ ಕಪ್ಪನ್ನು ಎತ್ತಿ ಹಿಡಿದರು. ಆ ಸಂಜೆ ತಮ್ಮ ಇಬ್ರಾಹಿಂ ಇದ್ದಿದ್ದರೆ ಎಂದು ನಮಗೇ ಅನಿಸಿತು, ಅಣ್ಣಂದಿರಿಗೆ ಅನಿಸದಿದ್ದೀತೇ?

ದೊಡ್ಡವರಲ್ಲಿಯೂ ಸಣ್ಣತನವಿರುತ್ತದೆ, ಅದನ್ನು ಮುಚ್ಚಿಟ್ಟು ಬರೆದರೆ ಪಾಠ ಪೂರ್ಣವಾಗದು. 2014ರಲ್ಲಿ ಕ್ಲಬ್ಬಿನವರು ಹುಟ್ಟುಹಬ್ಬವನ್ನು ಸರಿಯಾಗಿ ಆಚರಿಸಲಿಲ್ಲವೆಂದು ಯಾಯಾ ಅವರ ಪ್ರತಿನಿಧಿ ಪತ್ರಿಕೆಯವರೆದುರು ಮುನಿಸು ತೋರಿಸಿದರು. ಕೇಕಿನ ಜಗಳವೆಂದು ಲೋಕವೇ ನಕ್ಕಿತು. ಬೂಟಿಲ್ಲದೆ ಬೆಳೆದವರಿಗೆ ಇದು ತಕ್ಕುದಾಗಿರಲಿಲ್ಲವೆಂದೇ ನಮ್ಮ ಅಭಿಪ್ರಾಯ. 2016ರಲ್ಲಿ ಸಿಟಿಗೆ ಹೊಸ ತರಬೇತುದಾರರಾಗಿ ಬಂದವರು ಅದೇ ಗಾರ್ಡಿಯೋಲ. ಆ ಪ್ರತಿನಿಧಿ ಮತ್ತೆ ನಾಲಿಗೆ ಸಡಿಲ ಬಿಟ್ಟರು. ಕ್ಷಮೆ ಕೇಳದ ಹೊರತು ಯಾಯಾ ಅವರನ್ನು ಆಡಿಸುವುದಿಲ್ಲವೆಂದು ಗಾರ್ಡಿಯೋಲ ಪಟ್ಟು ಹಿಡಿದರು. ವಾರಗಳು ಕಳೆದವು. ನವೆಂಬರಿನಲ್ಲಿ ಯಾಯಾ ಬರವಣಿಗೆಯಲ್ಲಿ ಕ್ಷಮೆ ಕೋರಿದರು. 19ರಂದು ಕ್ರಿಸ್ಟಲ್ ಪ್ಯಾಲೆಸ್ ತಂಡದ ಎದುರು ಅವರನ್ನು ಇಳಿಸಲಾಯಿತು. ಸಿಟಿ 2-1ರಿಂದ ಗೆದ್ದಿತು. ಎರಡು ಗೋಲೂ ಯಾಯಾ ಅವರವೇ. 2018ರಲ್ಲಿ, ಮೂರನೆಯ ಲೀಗ್ ಪದಕದೊಡನೆ, ಮುನ್ನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿ ಅವರು ಆ ಕ್ಲಬ್ಬಿನಿಂದ ಬೀಳ್ಕೊಂಡರು. ಮತ್ತೊಮ್ಮೆ ಗ್ರೀಸಿನಲ್ಲಿ, ಅನಂತರ ಚೀನದಲ್ಲಿ ಸ್ವಲ್ಪ ಕಾಲ ಆಡಿ, ಆಮೇಲೆ ತರಬೇತಿ ಕೊಡುವ ಕೆಲಸಕ್ಕೆ ತೊಡಗಿದರು.

ಹೆತ್ತವರಿಗೆ ಒಂದು ಮಾತು. ಮಕ್ಕಳನ್ನು ಫುಟ್‌ಬಾಲನ್ನು ನಂಬಿ ಬದುಕಲು ಬಿಡಿರೆಂದು ನಾವು ಹೇಳುತ್ತಿಲ್ಲ. ಅಬಿಜಾನಿನಲ್ಲಿಯೂ ಚೆಂಡು ಒದ್ದ ಸಾವಿರಾರು ಹುಡುಗರಲ್ಲಿ ಹೆಸರಾದವರು ಕೆಲವರೇ. ದಲ್ಲಾಳಿಗಳ ಮಾತಿಗೆ ಮರುಳಾಗಿ ಪರದೇಶಕ್ಕೆ ಹೋಗಿ ನಡುದಾರಿಯಲ್ಲಿ ಕೈಬಿಡಲ್ಪಟ್ಟ ಆಫ್ರಿಕದ ಯುವಕರೂ ಅನೇಕರಿದ್ದಾರೆ. ನಾವು ತೋರಿಸಲು ಬಯಸಿದ್ದು ಆ ಶಾಲೆಯಲ್ಲಿ ಚೆಂಡೂ ಪುಸ್ತಕವೂ ಒಂದೇ ಚಾವಣಿಯ ಕೆಳಗೆ ಇದ್ದುದನ್ನು. ಮೊದಲಲ್ಲಿ ಹೇಳಿದ ಹುಡುಗನ ವಿಚಾರದಲ್ಲಿಯೂ ನಾವು ಮಾಡಿದ್ದು ಅಷ್ಟೇ. ಐದೂವರೆಯವರೆಗೆ ಆಟ, ಆಮೇಲೆ ಏಳರವರೆಗೆ ಶಾಲೆಯಲ್ಲಿಯೇ ಓದು. ಕರೆದೊಯ್ಯಲು ತಂದೆಯವರೇ ಟಾರ್ಚ್ ಹಿಡಿದು ಬರುತ್ತಾರೆ. ಹೋದ ವಾರ ಸ್ವಲ್ಪ ಮೊದಲೇ ಬಂದವರು ಮಾವಿನ ಮರದಡಿ ನಿಂತು ಆಟ ನೋಡಿದರು. ನಮ್ಮವರು ಒಂದು ಗೋಲು ಹೊಡೆದರು. ಎಲ್ಲರೂ ಹೊಡೆದವನನ್ನು ಎತ್ತಿಕೊಂಡಾಗ ಅವರು ನಮ್ಮ ಕಡೆ ತಿರುಗಿ, "ಆ ಚೆಂಡು ಅವನಿಗೆ ಕೊಟ್ಟದ್ದು ನಮ್ಮವನಲ್ಲವಾ ಮಾಷ್ಟ್ರೇ?" ಎಂದು ಕೇಳಿದರು. ಹೌದೆಂದೆವು.

ವಿದ್ಯಾರ್ಥಿಗಳು ಗ್ರಂಥಾಲಯದ ಭೂಪಟದ ಪುಸ್ತಕದಲ್ಲಿ ಈ ಪಾಠದ ಊರುಗಳನ್ನು ಹುಡುಕಿ ಒಂದಕ್ಕೊಂದು ಗೆರೆ ಎಳೆದು ನೋಡಿರಿ: ಬುವಾಕೆ, ಅಬಿಜಾನ್, ಬೇವರನ್, ದೊನೆತ್ಸ್ಕ್, ಗ್ರೀಸಿನ ಕರಾವಳಿ, ಮೊನಾಕೊ, ಬಾರ್ಸಿಲೋನಾ, ಮ್ಯಾಂಚೆಸ್ಟರ್. ಬುವಾಕೆ ಆ ಹಳೆಯ ಪುಸ್ತಕದಲ್ಲಿ ಅಚ್ಚಾಗಿಲ್ಲ. ಅದು ಇರಬೇಕಾದ ಜಾಗದಲ್ಲಿ ಪೆನ್ಸಿಲಿನ ಚುಕ್ಕೆಯೊಂದಿದೆ. ಇಟ್ಟವನು ಆ ಹುಡುಗ. ಅದನ್ನು ಯಾರೂ ಅಳಿಸಬಾರದು.